ಶ್ರೀರಂಗಪಟ್ಟಣದ ಮೂಗು, ಮೈಸೂರಿನ ಹಣೆ

1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವರು ಪೂರ್ತಿ ಹೆಸರು ಹಾಕಿಲ್ಲ, ಬಿ.ಎಲ್. ಎಂಬ ಎರಡು ಅಕ್ಷರಗಳಷ್ಟೇ ಇವೆ. ಪತ್ರದ ಜೊತೆಗೆ ಒಬ್ಬ ಮನುಷ್ಯನ ಚಿತ್ರವಿದೆ. ಹಣೆಯ ಮೇಲೆ ಗಾಯದ ಕಲೆ, ಕೆಳಗೆ ಆ ಹಣೆಯ ಚರ್ಮದಿಂದಲೇ ಮಾಡಿದ ಮೂಗು. ಅವನ ಹೆಸರು ಕಾವಸ್‌ಜಿ. ಬೇಸಾಯಗಾರರ ಕುಲದ ಮರಾಠಿಗ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುವ ಆಳು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿಯಿದ್ದ ಬಾಂಬೆ ಸೈನ್ಯವನ್ನು ಬಂದು ಸೇರಿಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕುಲದ ಒಬ್ಬಾತ ಅವನಿಗೆ ಹೊಸ ಮೂಗು ಕೂರಿಸಿದ.

ನನ್ನ ಪಿಎಚ್‌ಡಿ ವಿಷಯ ಹಳೆಯ ಮೈಸೂರು ಸೀಮೆಯಲ್ಲಿ ದೇಹಕ್ಕೆ ವಿಧಿಸುತ್ತಿದ್ದ ಶಿಕ್ಷೆಗಳ ಚರಿತ್ರೆ. ಹಾಗಾಗಿ ಕಾವಸ್‌ಜಿ ನನಗೆ ಮೂರು ವರ್ಷಗಳ ಪರಿಚಯ. ಆದರೆ ಈ ಬರಹಕ್ಕೆ ಕಾರಣ ಅವನೊಬ್ಬನೇ ಅಲ್ಲ. ಮಾನಸಗಂಗೋತ್ರಿಯಿಂದ ಹೊರಟು ಕಾಳಿದಾಸ ರಸ್ತೆ, ಒಂಟಿಕೊಪ್ಪಲಿನ ಕಡೆ ನಡೆದರೆ ಈಗ ಚರ್ಮ ಮತ್ತು ಕೂದಲಿನ ಕ್ಲಿನಿಕ್ಕುಗಳ ಬೋರ್ಡುಗಳು ಸಾಲಾಗಿ ಕಾಣುತ್ತವೆ. ಬೋಟಾಕ್ಸ್, ಫಿಲ್ಲರ್, ಲೇಸರ್, ಪೀಲಿಂಗ್, ದಾರ ಹಾಕಿ ಕೆನ್ನೆ ಎತ್ತುವುದು, ಬೋಳುತಲೆಗೆ ಕೂದಲು ನಾಟಿ ಮಾಡುವುದು. ಒಳಗೆ ಕಾಯುತ್ತಾ ಕೂತವರು ಸಿನಿಮಾ ತಾರೆಯರಲ್ಲ. ನಲವತ್ತು ದಾಟಿದ ಬ್ಯಾಂಕ್ ನೌಕರರು, ಟೀಚರುಗಳು, ಮಗಳ ಮದುವೆ ಗೊತ್ತುಮಾಡಿದ ತಾಯಂದಿರು. ಇವರ ಬಗ್ಗೆ ಮಾತು ಬಂದಾಗ ಎರಡೇ ಬಗೆಯ ಪ್ರತಿಕ್ರಿಯೆ ಕೇಳುತ್ತೇನೆ. ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು’ ಎನ್ನುವುದು ಒಂದು, ‘ಅವರ ಮುಖ, ಅವರ ದುಡ್ಡು’ ಎನ್ನುವುದು ಇನ್ನೊಂದು. ಎರಡೂ ಮಾತುಗಳಲ್ಲಿ ಮುಖ ಎಂಬುದು ಅದನ್ನು ಹೊತ್ತವರ ಖಾಸಗಿ ಸ್ವತ್ತು. ನಾನು ಓದಿರುವ ಚರಿತ್ರೆ ಹಾಗೆ ಹೇಳುವುದಿಲ್ಲ.

ಮೇಣ, ಕಾಚು, ತುಪ್ಪ

ಮೊದಲು ಆ ಮೂಗು ಹೇಗೆ ಮಾಡಿದರು ನೋಡೋಣ. ಪತ್ರದಲ್ಲಿ ವಿವರ ಎಷ್ಟು ಸ್ಪಷ್ಟವಾಗಿದೆಯೆಂದರೆ ಮುಂದೆ ಯುರೋಪಿನ ವೈದ್ಯರು ಅದನ್ನೇ ಹಿಡಿದುಕೊಂಡು ಕತ್ತಿ ಎತ್ತಿದರು. ಮೊದಲು ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲಿಟ್ಟು ಚೆನ್ನಾದ ಮೂಗಿನ ಆಕಾರ ಬರುವಂತೆ ಒತ್ತುತ್ತಾರೆ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಚರ್ಮವನ್ನು ಬಿಡಿಸುತ್ತಾರೆ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುತ್ತಾರೆ. ಹೊಸ ಜಾಗದಲ್ಲಿ ಚರ್ಮ ಬೆಸೆದುಕೊಳ್ಳುವವರೆಗೆ ಅದಕ್ಕೆ ರಕ್ತ ಹರಿಯುವುದು ಆ ಪಟ್ಟಿಯಿಂದಲೇ. ಬಳಿಕ ಮೋಟಿನ ಅಂಚನ್ನು ಹಸಿಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅಂಚಿಗೆ ಅಂಚು ಸೇರಿಸುತ್ತಾರೆ. ನೀರಿನಲ್ಲಿ ಮೆತ್ತಗೆ ಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಾಕುತ್ತಾರೆ. ನಾಲ್ಕು ದಿನ ಮುಟ್ಟುವಂತಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೇ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆ ಬಟ್ಟೆಯ ಚೂರು. ಸುಮಾರು ಇಪ್ಪತ್ತೈದನೇ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುತ್ತಾರೆ.

ತಾಂಬೂಲದ ಕಾಚು, ಅಡುಗೆಮನೆಯ ತುಪ್ಪ, ಇಟ್ಟಿಗೆ ಮಾಡುವ ಕೈ. ಸುಶ್ರುತ ಸಂಹಿತೆಯಲ್ಲೂ ಮೂಗು ಕಟ್ಟುವ ವಿಧಾನವಿದೆ. ಅಲ್ಲಿ ಅಳತೆಗೆ ಎಲೆ, ಚರ್ಮ ತೆಗೆಯುವುದು ಕೆನ್ನೆಯಿಂದ. ಪುಣೆಯ ಕುಶಲಿಗೆ ಆ ಗ್ರಂಥ ಗೊತ್ತಿತ್ತೋ ಇಲ್ಲವೋ, ಹಣೆಯ ಚರ್ಮ ಬಳಸುವ ವಿದ್ಯೆ ಮಾತ್ರ ಕೈಯಿಂದ ಕೈಗೆ ದಾಟುತ್ತಾ ಬಂದಿತ್ತು. ಬಾಂಬೆಯ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರೆಂದು ಪತ್ರ ಹೇಳುತ್ತದೆ. ಅವರ ಹೆಸರುಗಳು ಅಚ್ಚಾಗಿವೆ, ಮೂಗು ಮಾಡಿದವನ ಹೆಸರಿಲ್ಲ.

1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಲಂಡನ್ನಿನಲ್ಲಿ ಇದೇ ವಿಧಾನದಿಂದ ಒಬ್ಬ ಸೈನ್ಯಾಧಿಕಾರಿಗೆ ಮೂಗು ಕಟ್ಟಿದರು. ಯಕೃತ್ತಿನ ಕಾಯಿಲೆಗೆ ಪಾದರಸದ ಔಷಧಿ ತಿಂದು ಆತ ಮೂಗು ಕಳೆದುಕೊಂಡಿದ್ದ. 1816ರಲ್ಲಿ ಕಾರ್ಪ್ಯೂ ಪುಸ್ತಕ ಬಂತು. 1818ರಲ್ಲಿ ಬರ್ಲಿನ್ನಿನ ಕಾರ್ಲ್ ಫಾನ್ ಗ್ರೇಫೆ ‘ರೈನೋಪ್ಲಾಸ್ಟಿಕ್’ ಎಂಬ ಗ್ರಂಥ ಪ್ರಕಟಿಸಿದರು. ಪ್ಲಾಸ್ಟಿಕ್ ಸರ್ಜರಿ ಎನ್ನುವಾಗಿನ ‘ಪ್ಲಾಸ್ಟಿಕ್’ಗೂ ನಮ್ಮ ಪ್ಲಾಸ್ಟಿಕ್ ಬಕೆಟ್ಟಿಗೂ ಸಂಬಂಧವಿಲ್ಲ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಜೇಡಿಮಣ್ಣನ್ನು ತಿದ್ದಿ ರೂಪಿಸುವುದು ಎಂಬ ಅರ್ಥ. ಇಟ್ಟಿಗೆ ಮಾಡುವವನ ವಿದ್ಯೆಗೆ ಇಟ್ಟ ಹೆಸರು ಅಷ್ಟರಮಟ್ಟಿಗೆ ಸರಿಯಾಗಿಯೇ ಇದೆ.

ಮೂಗು ಕೊಯ್ಯುವುದೆಂದರೆ

ಇಷ್ಟು ನಾಜೂಕಾದ ವಿದ್ಯೆ ಈ ನೆಲದಲ್ಲಿ ಬೆಳೆಯಬೇಕಾದರೆ ಅದಕ್ಕೆ ಬೇಡಿಕೆ ಇದ್ದಿರಲೇಬೇಕು. ಕಾವಸ್‌ಜಿಯ ಕಥೆ ಇಂಗ್ಲೆಂಡಿನಲ್ಲಿ ಹರಡಿದ್ದಕ್ಕೆ ರಾಜಕೀಯ ಕಾರಣವೂ ಇತ್ತು. ಟಿಪ್ಪುವನ್ನು ಕ್ರೂರಿಯೆಂದು ತೋರಿಸುವ ಬರಹ, ಚಿತ್ರಗಳಿಗೆ ಆಗ ಅಲ್ಲಿ ಒಳ್ಳೆಯ ಗಿರಾಕಿ. ಆದರೆ ಮೂಗು ಕೊಯ್ಯುವುದು ಟಿಪ್ಪುವಿನಿಂದ ಶುರುವಾದದ್ದೂ ಅಲ್ಲ, ಒಬ್ಬ ದೊರೆಯ ಗುಣವೂ ಅಲ್ಲ. ಹದಿನೇಳನೇ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿಗೂ ಮಧುರೆಯ ತಿರುಮಲ ನಾಯಕನಿಗೂ ನಡೆದ ಕಾಳಗದಲ್ಲಿ ಮೈಸೂರಿನ ಸೈನಿಕರು ವೈರಿ ಸೀಮೆಯವರ ಮೂಗು ಕೊಯ್ದದ್ದನ್ನೂ, ಮಧುರೆಯವರು ಅದೇ ರೀತಿ ಸೇಡು ತೀರಿಸಿಕೊಂಡದ್ದನ್ನೂ ಜೆಸ್ಯೂಟ್ ಪಾದ್ರಿಗಳು ಬರೆದಿಟ್ಟಿದ್ದಾರೆ.

ಇನ್ನೂ ಹಿಂದಕ್ಕೆ ಹೋಗಲು ಮೈಸೂರಿನಲ್ಲಿರುವ ನನಗೆ ದೂರ ನಡೆಯಬೇಕಿಲ್ಲ. 1905ರಲ್ಲಿ ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ವ್ಯಭಿಚಾರ ಮಾಡಿದ ಹೆಂಗಸಿಗೆ ಹೇಳಿರುವ ಶಿಕ್ಷೆ ಕಿವಿ ಮೂಗು ಕತ್ತರಿಸುವುದು. ಶೂರ್ಪನಖಿಯ ಕಥೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ಶಿಕ್ಷೆಯಿಂದ ಮನುಷ್ಯ ಸಾಯುವುದಿಲ್ಲ, ಕೆಲಸ ಮಾಡುವ ಶಕ್ತಿಯೂ ಹೋಗುವುದಿಲ್ಲ. ಹೋಗುವುದು ನಾಲ್ಕು ಜನರ ಎದುರು ನಿಲ್ಲುವ ಹಕ್ಕು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಸಾಕು: ಮುಖಭಂಗ. ಇವತ್ತು ನಾವು ಚುನಾವಣೆಯಲ್ಲಿ ಸೋತವರಿಗೆ ಬಳಸುವ ಈ ಮಾತಿನ ಅಕ್ಷರಾರ್ಥ ಮುಖ ಮುರಿಯುವುದು. ಮೂಗು ಕೊಯ್ದವನು ಬೇರೆಯವನಾದರೂ ನಾಚಿಕೆಪಟ್ಟು ಮುಖ ಮುಚ್ಚಿಕೊಳ್ಳಬೇಕಾದವರು ಮೂಗು ಕಳೆದುಕೊಂಡವರು. ಶಿಕ್ಷೆಯ ನಿಜವಾದ ಹರಿತ ಇರುವುದು ಅಲ್ಲಿ.

ಗಾಯದಿಂದ ವಯಸ್ಸಿಗೆ

ಹೋದ ಮೂಗನ್ನು ತಂದುಕೊಡುವ ವಿದ್ಯೆ ವಯಸ್ಸನ್ನು ಅಳಿಸುವ ವಿದ್ಯೆಯಾದದ್ದು ಯುರೋಪಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ. ಅಲ್ಲಿ ಮೂಗು ಕುಸಿಯಲು ಮುಖ್ಯ ಕಾರಣ ಸಿಫಿಲಿಸ್ ರೋಗ. ಕುಸಿದ ಮೂಗು ಇದ್ದವರನ್ನು ಜನ ನಡತೆಗೆಟ್ಟವರೆಂದು ಓದುತ್ತಿದ್ದರು. ಅಂಥವರಿಗೆ ಮೂಗು ಕಟ್ಟುವುದೆಂದರೆ ಮುಖದ ಮೇಲಿನ ಆ ಬರಹವನ್ನು ಅಳಿಸುವುದು. 1898ರಲ್ಲಿ ಬರ್ಲಿನ್ನಿನ ಜಾಕ್ ಯೋಸೆಫ್ ಯಾವ ಗಾಯವೂ ಇಲ್ಲದ, ಬರೀ ದೊಡ್ಡದಾಗಿದ್ದ ಮೂಗೊಂದನ್ನು ಚಿಕ್ಕದು ಮಾಡಿದರು. ರೋಗಿಯ ದೂರು ಇಷ್ಟೇ: ಜನ ನೋಡಿ ನಗುತ್ತಾರೆ, ಮನೆಯಿಂದ ಹೊರಗೆ ಹೋಗಲಾಗುತ್ತಿಲ್ಲ. 1900ರಲ್ಲಿ ವಿಯೆನ್ನಾದ ಗೆರ್ಸುನಿ ಚರ್ಮದಡಿಗೆ ಪ್ಯಾರಾಫಿನ್ ಚುಚ್ಚುವ ಬಗ್ಗೆ ಬರೆದರು. ಸುಕ್ಕು ತುಂಬಲು ಅದನ್ನು ಚುಚ್ಚಿಸಿಕೊಂಡ ಅನೇಕರ ಮುಖದಲ್ಲಿ ಕೆಲವು ವರ್ಷಗಳ ನಂತರ ಗಂಟುಗಳೆದ್ದವು. 1901ರಲ್ಲಿ ಓಯ್ಗನ್ ಹೊಲೆಂಡರ್ ಎಂಬ ವೈದ್ಯ ಬರ್ಲಿನ್ನಿನಲ್ಲಿ ಪೋಲೆಂಡಿನ ಸಿರಿವಂತ ಮನೆತನದ ಮಹಿಳೆಯೊಬ್ಬರ ಕಿವಿಯ ಬಳಿ ಚರ್ಮ ತೆಗೆದು ಕೆನ್ನೆಯನ್ನು ಬಿಗಿದರು. ಫೇಸ್‌ಲಿಫ್ಟ್ ಎಂದು ಇಂದು ಕರೆಯುವುದರ ಮೊದಲ ದಾಖಲೆಗಳಲ್ಲಿ ಇದೂ ಒಂದು.

ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರ ಮುಖಗಳು ಛಿದ್ರವಾದವು. ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲ್ಲೀಸ್ ಮತ್ತು ಸಂಗಡಿಗರು 5,000ಕ್ಕೂ ಹೆಚ್ಚು ಮಂದಿಯ ಮುಖಗಳನ್ನು ಮತ್ತೆ ಕಟ್ಟಿದರು. ಯುದ್ಧ ಮುಗಿದ ಮೇಲೆ ನುರಿತ ಕೈಗಳು ಉಳಿದವು, ಗಾಯಗಳು ಕಡಿಮೆಯಾದವು. ಅದೇ ಹೊತ್ತಿಗೆ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರ್ ಹೇಳಿದ ‘ಕೀಳರಿಮೆ’ ಎಂಬ ಕಲ್ಪನೆ ಅಮೆರಿಕದಲ್ಲಿ ಮನೆಮಾತಾಗಿತ್ತು. ಗಾಯ ಮುಖದಲ್ಲೇ ಇರಬೇಕಾಗಿಲ್ಲ, ಮನಸ್ಸಿನಲ್ಲಿದ್ದರೂ ಸಾಕು, ಕತ್ತಿ ಅದನ್ನೂ ಗುಣಪಡಿಸುತ್ತದೆ ಎಂದು ಅಲ್ಲಿನ ಸರ್ಜನ್ನರು ವಾದಿಸಿದರು. ಸುಕ್ಕು ಕೂಡ ಒಂದು ಗಾಯವೆಂದು ಲೆಕ್ಕಕ್ಕೆ ಸೇರಿದ್ದು ಹೀಗೆ.

ಬೋಟಾಕ್ಸ್ ಇನ್ನೂ ಈಚಿನದು. ಕೆಟ್ಟ ಸಾಸೇಜ್ ತಿಂದು ಜನ ಸಾಯುವುದೇಕೆಂದು 1820ರ ಸುಮಾರಿಗೆ ಹುಡುಕಿದವನು ಯುಸ್ಟಿನುಸ್ ಕೆರ್ನರ್ ಎಂಬ ಜರ್ಮನ್ ವೈದ್ಯ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವನು ಕವಿಯಾಗಿ ಗೊತ್ತು. ಆ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಅದರ ಅತಿ ಸಣ್ಣ ಪ್ರಮಾಣವನ್ನು ಅಮೆರಿಕದ ಆಲನ್ ಸ್ಕಾಟ್ ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬಳಸಿದರು, 1989ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೆನಡಾದ ವ್ಯಾಂಕೂವರಿನಲ್ಲಿ ಕಣ್ಣಿನ ವೈದ್ಯೆ ಜೀನ್ ಕಾರುಥರ್ಸ್ ಅವರ ಬಳಿ ಈ ಚುಚ್ಚುಮದ್ದು ಪಡೆಯುತ್ತಿದ್ದ ರೋಗಿಯೊಬ್ಬರ ಹುಬ್ಬುಗಂಟು ಸಡಿಲವಾದದ್ದು ಕಂಡಿತು. ಆಕೆ ಮತ್ತು ಅವರ ಪತಿ, ಚರ್ಮವೈದ್ಯ ಅಲಸ್ಟೇರ್, 1992ರಲ್ಲಿ ಇದನ್ನು ಪ್ರಕಟಿಸಿದರು. ಹುಬ್ಬುಗಳ ನಡುವಿನ ಗೆರೆಗೆ ಬಳಸಲು ಅಮೆರಿಕದಲ್ಲಿ ಅನುಮತಿ ದೊರೆತದ್ದು 2002ರಲ್ಲಿ. ಪರಿಣಾಮ ಮೂರು ನಾಲ್ಕು ತಿಂಗಳು, ಆಮೇಲೆ ಮತ್ತೆ ಚುಚ್ಚಿಸಬೇಕು. ಕಾವಸ್‌ಜಿಯ ಹಣೆಯಿಂದ ಚರ್ಮ ತೆಗೆದು ಮೂಗು ಕಟ್ಟಿದ್ದರು. ಈಗ ಸೂಜಿ ಬೀಳುತ್ತಿರುವುದು ಅದೇ ಹಣೆಗೆ, ಅದೇ ಹುಬ್ಬುಗಳ ನಡುವೆ. ಹಣೆಬರಹ ಎಂದರೆ ಅಳಿಸಲಾಗದ್ದು ಎಂದುಕೊಂಡಿದ್ದ ಭಾಷೆಯವರು ನಾವು.

ನರೆಯ ಎರಡು ಅರ್ಥ

ಇದೆಲ್ಲ ಪಶ್ಚಿಮದ ಹುಚ್ಚು, ನಮ್ಮವರು ಮುಪ್ಪನ್ನು ಗೌರವಿಸುತ್ತಿದ್ದರು ಎಂಬ ಮಾತನ್ನು ಸೆಮಿನಾರುಗಳಲ್ಲಿ ಕೇಳುತ್ತಿರುತ್ತೇನೆ. ಅರ್ಧ ನಿಜ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಯಶೌಘ ರಾಜ ತನ್ನ ತಲೆಯಲ್ಲಿ ಒಂದು ನರೆಗೂದಲು ಕಂಡು ಮಗನಿಗೆ ರಾಜ್ಯ ಒಪ್ಪಿಸಿ ತಪಸ್ಸಿಗೆ ಹೊರಡುತ್ತಾನೆ. ಜೈನ ಕಥೆಗಳಲ್ಲಿ ನರೆ ಒಂದು ಕರೆ, ಮುಂದಿನ ದಾರಿ ತೋರುವ ದೂತ. ಬಸವಣ್ಣನ ಹೆಸರಾಂತ ವಚನವೊಂದು ಕೂಡ ಮುಪ್ಪು ಮುಟ್ಟುವ ಮುನ್ನವೇ ದೇವರನ್ನು ನೆನೆ ಎಂದು ಅವಸರಿಸುತ್ತದೆ.

ಆದರೆ ಇನ್ನರ್ಧವೂ ಅಷ್ಟೇ ಹಳೆಯದು. ಆರನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಸುಗಂಧದ ಅಧ್ಯಾಯವನ್ನು ಶುರುಮಾಡುವುದೇ ಕೂದಲು ಕಪ್ಪು ಮಾಡುವ ವಿಧಾನದಿಂದ. ತಲೆ ಬೆಳ್ಳಗಾದವನಿಗೆ ಹೂವು, ಗಂಧ, ಒಡವೆ ಯಾವುದೂ ಒಪ್ಪುವುದಿಲ್ಲ ಎನ್ನುವುದು ಅವನು ಕೊಡುವ ಕಾರಣ. ಕನ್ನಡದಲ್ಲೇ, 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಅಡುಗೆ, ದನಗಳ ಮದ್ದುಗಳ ಜೊತೆ ಸುಗಂಧದ್ರವ್ಯಗಳಿಗೂ ಒಂದು ಅಧ್ಯಾಯವಿದೆ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು. ಮುಪ್ಪನ್ನು ಮುಂದೂಡುವುದು ಅದರ ಗುರಿ. ಮುದಿ ಋಷಿ ಚ್ಯವನನನ್ನು ಅಶ್ವಿನಿ ದೇವತೆಗಳು ಹರೆಯದವನಾಗಿಸಿದ ಕಥೆಯಿಂದಲೇ ಚ್ಯವನಪ್ರಾಶಕ್ಕೆ ಹೆಸರು ಬಂದದ್ದು.

ಈ ಕಥೆಗಳಲ್ಲಿ ಒಂದು ಸಂಗತಿ ಗಮನಿಸಬೇಕು. ಯೌವನ ಮರಳಿ ಸಿಗುವುದು ಹೆಚ್ಚಾಗಿ ಗಂಡಸರಿಗೆ. ಚ್ಯವನ ಹರೆಯದವನಾಗುತ್ತಾನೆ, ಅವನನ್ನು ಕಟ್ಟಿಕೊಂಡ ಸುಕನ್ಯೆ ಕಾಯಬೇಕು. ಯಯಾತಿ ಮಗನ ಯೌವನವನ್ನು ಕೇಳಿ ಪಡೆಯುತ್ತಾನೆ. 1961ರಲ್ಲಿ ಪ್ರಕಟವಾದ ತಮ್ಮ ಮೊದಲ ನಾಟಕ ‘ಯಯಾತಿ’ಯಲ್ಲಿ ಗಿರೀಶ ಕಾರ್ನಾಡರು ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕೊಟ್ಟರು. ಮುದುಕನಾಗಿ ಮನೆಗೆ ಬಂದ ಗಂಡನನ್ನು ಕಂಡು ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಒಬ್ಬರ ಯೌವನದ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ, ಸರದಿಯ ಕೊನೆಯಲ್ಲಿ ನಿಂತಿರುವವಳು ಹೆಂಗಸು ಎಂಬುದನ್ನು ಆ ಒಂದು ಪಾತ್ರ ತೋರಿಸಿಕೊಟ್ಟಿತು.

ನಮ್ಮ ಬೆಳ್ಳಿತೆರೆಯಲ್ಲೂ ಇದೇ ಲೆಕ್ಕ. 2000ದಲ್ಲಿ ಬಂದ ‘ಶಬ್ದವೇಧಿ’ಯಲ್ಲಿ ನಾಯಕನಾಗಿದ್ದ ರಾಜ್‌ಕುಮಾರ್ ಅವರಿಗೆ ಎಪ್ಪತ್ತರ ಆಸುಪಾಸಿನ ವಯಸ್ಸು. ನಾಯಕಿ ಜಯಪ್ರದಾ ಇನ್ನೂ ನಲವತ್ತು ಮುಟ್ಟಿರಲಿಲ್ಲ. ನಾವು ಆ ಚಿತ್ರವನ್ನು ಪ್ರೀತಿಯಿಂದಲೇ ನೋಡಿದೆವು. ಎಪ್ಪತ್ತರ ಕನ್ನಡ ನಟಿಯೊಬ್ಬರಿಗೆ ನಲವತ್ತರೊಳಗಿನ ನಾಯಕನನ್ನು ಜೋಡಿ ಮಾಡಿದ ಚಿತ್ರವನ್ನು ಊಹಿಸಿಕೊಂಡು ನೋಡಿ. ಊಹೆಯೇ ನಗೆ ತರಿಸುತ್ತದೆ. ಆ ನಗು ಎಲ್ಲಿಂದ ಬರುತ್ತದೆ ಎಂಬುದು ಈ ಲೇಖನದ ಪ್ರಶ್ನೆಯೂ ಹೌದು.

ಕೌಂಟರಿನ ಮುಖ

ನನ್ನ ಚಿಕ್ಕಮ್ಮನಿಗೆ 48. ಹತ್ತೊಂಬತ್ತು ವರ್ಷಗಳಿಂದ ನಗರದ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್ ಕೆಲಸ. ರೇಷ್ಮೆ ಸೀರೆಯ ಮಡಿಕೆ ಬಿಚ್ಚುವುದರಲ್ಲೇ ಗಿರಾಕಿಯ ಮನಸ್ಸು ಓದುತ್ತಾರೆ. ಎರಡು ವರ್ಷದ ಹಿಂದೆ ದಸರಾಕ್ಕೆ ಮುಂಚೆ ಹೊಸ ಮ್ಯಾನೇಜರ್ ಬಂದು, “ಮೇಡಂ, ನೀವಿನ್ನು ಮೇಲುಗಡೆ ಸ್ಟಾಕ್ ನೋಡ್ಕೊಳ್ಳಿ, ಕೌಂಟರಿಗೆ ಫ್ರೆಶ್ ಮುಖಗಳು ಇರ್ಲಿ” ಎಂದರಂತೆ. ಕೌಂಟರಿನಲ್ಲಿ ನಿಂತವರಿಗೆ ಮಾರಾಟದ ಮೇಲೆ ಕಮಿಷನ್ ಉಂಟು, ಮೇಲುಗಡೆ ಬರೀ ಸಂಬಳ. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಅದೇ ಕೌಂಟರಿನಲ್ಲಿ ಬಿಳಿ ಮೀಸೆಯ, ಐವತ್ತೈದು ದಾಟಿದ ಸಹೋದ್ಯೋಗಿಯೊಬ್ಬರಿದ್ದಾರೆ. ಅವರನ್ನು ಕದಲಿಸಲಿಲ್ಲ. ಹಿರಿಯರು ನಿಂತಿದ್ದರೆ ಗಿರಾಕಿಗೆ ನಂಬಿಕೆ ಬರುತ್ತದಂತೆ.

ದಸರಾ ಮುಗಿಯುವವರೆಗೆ ಟೈಮ್ ಕೊಡಿ ಎಂದು ಕೇಳಿಕೊಂಡು ಚಿಕ್ಕಮ್ಮ ನನ್ನ ಹಾಸ್ಟೆಲಿಗೆ ಬಂದರು. “ಕ್ಲಿನಿಕ್ಕಿಗೆ ಜೊತೆಗೆ ಬಾರೇ, ಒಬ್ಳೇ ಹೋಗೋಕೆ ಒಂಥರಾ ಆಗುತ್ತೆ” ಎಂದರು.

“ನಿಂಗ್ಯಾಕೆ ಚಿಕ್ಕಮ್ಮ ಅದೆಲ್ಲ? ಚೆನ್ನಾಗೇ ಇದೀಯಲ್ಲ” ಎಂದೆ.

“ನಂಗೇನು ಹದಿನೆಂಟರ ಹುಡುಗಿ ಆಗ್ಬೇಕಂತಿಲ್ಲ ಕಣೇ. ಬೆಳಿಗ್ಗೆ ಅಂಗಡಿಗೆ ಬಂದವ್ರು ‘ಯಾಕಮ್ಮ, ಹುಷಾರಿಲ್ವಾ’ ಅಂತ ಕೇಳ್ಬಾರ್ದು, ಅಷ್ಟೇ.”

ವೈದ್ಯೆ ಒಳ್ಳೆಯವರು. “ಗೆರೆ ಕಮ್ಮಿ ಆಗುತ್ತೆ ಅಮ್ಮ, ವಯಸ್ಸು ಕಮ್ಮಿ ಆಗಲ್ಲ” ಎಂದು ಮೊದಲೇ ಹೇಳಿದರು. ಏನು ಚುಚ್ಚುತ್ತಾರೆ, ಎಷ್ಟು ದಿನ ಇರುತ್ತದೆ, ರೆಪ್ಪೆ ಜೋತುಬೀಳುವಂಥ ತೊಂದರೆ ಅಪರೂಪಕ್ಕೆ ಆಗಬಹುದು ಎಂಬುದನ್ನೆಲ್ಲ ತಿಳಿಸಿದರು. ಚುಚ್ಚುವುದಕ್ಕೆ ಹತ್ತು ನಿಮಿಷ. ಒಂದು ವಾರದ ಮೇಲೆ ಅಂಗಡಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ, “ಊರಿಗೆ ಹೋಗಿ ರೆಸ್ಟ್ ತಗೊಂಡ್ರಾ” ಎಂದು ಒಬ್ಬರು ಕೇಳಿದರಂತೆ. ಆ ವರ್ಷ ದಸರಾ, ದೀಪಾವಳಿ ಎರಡೂ ಸೀಸನ್ನಿಗೆ ಅವರು ಕೌಂಟರಿನಲ್ಲೇ ಉಳಿದರು. ಶಿವರಾತ್ರಿ ಹೊತ್ತಿಗೆ ಗೆರೆಗಳು ವಾಪಸು ಬಂದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ಲಿನಿಕ್ಕಿನ ಬಿಲ್ಲು. ಅದರ ಕೆಳಗೆ ಶೇ. 18 ಜಿಎಸ್‌ಟಿ ಸೇರಿಸಿತ್ತು. ಆಸ್ಪತ್ರೆಯ ಚಿಕಿತ್ಸೆಗೆ ತೆರಿಗೆ ಇಲ್ಲವಲ್ಲ ಎಂದು ಹುಡುಕಿ ಓದಿದೆ. 2017ರ ಜಿಎಸ್‌ಟಿ ಅಧಿಸೂಚನೆಯಲ್ಲಿ ಆರೋಗ್ಯ ಸೇವೆಗೆ ವಿನಾಯಿತಿ ಇದೆ. ಆದರೆ ಕೂದಲು ನಾಟಿ, ಸೌಂದರ್ಯದ ಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಅದಕ್ಕೂ ಒಂದು ಹೊರತು ಇದೆ: ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಗಾಯ ಅಥವಾ ಆಘಾತದಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ತೆರಿಗೆ ಇಲ್ಲ. ಅಂದರೆ ಕಾವಸ್‌ಜಿ ಇವತ್ತು ಬಂದರೆ ಅವನ ಮೂಗಿಗೆ ತೆರಿಗೆ ಇಲ್ಲ, ಚಿಕ್ಕಮ್ಮನ ಹಣೆಗೆ ಇದೆ. ಅವನಿಗೆ ಆದದ್ದು ಗಾಯ, ಇವರದ್ದು ಶೋಕಿ.

ಕಾನೂನಿಗೆ ಒಂದು ಗೆರೆ ಬೇಕು, ಎಲ್ಲಾದರೂ ಎಳೆಯಲೇಬೇಕು. ಆದರೆ ಚರಿತ್ರೆ ಓದುವವರಿಗೆ ಆ ಗೆರೆ ಅಷ್ಟು ನೇರವಾಗಿ ಕಾಣುವುದಿಲ್ಲ. ಮೂಗು ಕೊಯ್ಯುವ ಶಿಕ್ಷೆಯಲ್ಲಿ ಕತ್ತಿಯ ಕೆಲಸ ಒಂದು ಕ್ಷಣದ್ದು, ಉಳಿದದ್ದನ್ನು ನೋಡುವ ಕಣ್ಣುಗಳು ಮಾಡುತ್ತಿದ್ದವು. ನಲವತ್ತೆಂಟರ ಹೆಂಗಸಿನ ಹಣೆಗೆ ಕತ್ತಿ ತಾಗಿಲ್ಲ, ಕಣ್ಣುಗಳು ಮಾತ್ರ ಅವೇ. ಎದುರಿಗೆ ನಿಲ್ಲಬೇಡ, ಹಿಂದೆ ಹೋಗು ಎನ್ನುವುದು ಎರಡೂ ಕಡೆ ಒಂದೇ ತೀರ್ಪು. ಅವರ ಮುಖದಲ್ಲಿ ಆದದ್ದು ಎಲ್ಲರಿಗೂ ಆಗುವ ವಯಸ್ಸು, ಅದನ್ನು ಮುಖಭಂಗ ಮಾಡಿದ್ದು ಅಂಗಡಿಯ ಲೆಕ್ಕಾಚಾರ.

ಕೌಂಟರಿನಾಚೆಗೆ

ಹಾಗೆಂದು ಸೂಜಿಯನ್ನೇ ಬಿಡುಗಡೆಯ ಸಾಧನ ಎನ್ನಲು ನಾನು ತಯಾರಿಲ್ಲ. ಒಂದು ದೊಡ್ಡ ವ್ಯತ್ಯಾಸವಿದೆ. ಕಾವಸ್‌ಜಿಗೆ ಹೊಸ ಮೂಗು ಬಂದದ್ದರಿಂದ ಬೇರೆ ಯಾರ ಮೂಗೂ ಮೊಂಡಾಗಿ ಕಾಣಲಿಲ್ಲ. ಸುಕ್ಕಿನ ವಿಷಯ ಹಾಗಲ್ಲ. ಐವತ್ತರ ಹತ್ತು ಮಂದಿ ನಲವತ್ತರಂತೆ ಕಂಡರೆ, ಹನ್ನೊಂದನೆಯವರು ಐವತ್ತರಂತೆ ಕಾಣುವುದೇ ತಪ್ಪಾಗುತ್ತದೆ. ಚಿಕಿತ್ಸೆ ಪಡೆದ ಪ್ರತಿಯೊಂದು ಮುಖವೂ, ದುಡ್ಡಿಲ್ಲದೆಯೋ ಮನಸ್ಸಿಲ್ಲದೆಯೋ ಪಡೆಯದೇ ಹೋದ ಮುಖದ ಮೇಲೆ ಒಂದಿಷ್ಟು ಭಾರ ಹಾಕುತ್ತದೆ. ಯಯಾತಿಯ ಕಥೆ ಇಲ್ಲಿ ಬೇರೆ ರೂಪದಲ್ಲಿ ನಡೆಯುತ್ತಲೇ ಇದೆ. ಚಿಕ್ಕಮ್ಮ ಕೌಂಟರಿನಲ್ಲಿ ಉಳಿದ ಆ ಸೀಸನ್ನಿನಲ್ಲಿ ಅವರ ಬದಲು ಮೇಲುಗಡೆಗೆ ಹೋದವರು 46ರ ಇನ್ನೊಬ್ಬ ಹೆಂಗಸು.

ಅಪಾಯಗಳೂ ಕಟ್ಟುಕಥೆಯಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಕನ್ನಡ ಕಿರುತೆರೆಯ ನಟಿಯೊಬ್ಬರು ತೀರಿಕೊಂಡರು. ಅವರಿಗೆ ಇನ್ನೂ 21. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ನಾಟಿ ಮತ್ತು ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಸೂಚನೆ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿದಷ್ಟನ್ನೇ ತರಬೇತಿ ಎನ್ನಲಾಗದು ಎಂದು ಹೇಳಬೇಕಾಯಿತು. ಮುಖಕ್ಕೆ ಚುಚ್ಚುವ ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ನಮ್ಮಂಥ ಕಂದು ಚರ್ಮಕ್ಕೆ ಲೇಸರ್, ಪೀಲಿಂಗ್ ಹೆಚ್ಚುಕಮ್ಮಿಯಾದರೆ ಕಪ್ಪು ಕಲೆ ಉಳಿಯುತ್ತದೆ. ಬ್ಯೂಟಿ ಪಾರ್ಲರಿನಲ್ಲಿ ಅಗ್ಗಕ್ಕೆ ಚುಚ್ಚಿಸಿಕೊಳ್ಳುವ ಮೊದಲು, ಚುಚ್ಚುವವರು ನೋಂದಾಯಿತ ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ.

ಔಷಧಿಗಳ ಮಟ್ಟಿಗೆ ನಮ್ಮ ಕಾನೂನು ಇನ್ನೂ ಖಚಿತವಾಗಿದೆ. ಯಾವ ಯಾವ ಸಮಸ್ಯೆಗಳನ್ನು ಗುಣಪಡಿಸುತ್ತೇವೆಂದು ಔಷಧಿ ಮಾರುವವರು ಹೇಳಿಕೊಳ್ಳಬಾರದು ಎಂಬುದಕ್ಕೆ 1945ರ ಔಷಧ ನಿಯಮಗಳಲ್ಲಿ ‘ಜೆ’ ಎಂಬ ಅನುಸೂಚಿ ಇದೆ. ಕ್ಯಾನ್ಸರ್, ಪಾರ್ಶ್ವವಾಯುಗಳಂಥ ದೊಡ್ಡ ಕಾಯಿಲೆಗಳ ನಡುವೆ ಅಕಾಲ ಮುಪ್ಪು, ಅಕಾಲ ನರೆ, ಮರಳಿ ಯೌವನ ಕೊಡುವ ಶಕ್ತಿ ಎಂಬವೂ ಅದರಲ್ಲಿವೆ. ಯೌವನ ಮರಳಿಸುತ್ತೇವೆ ಎನ್ನುವ ಮಾತು ಈ ದೇಶದಲ್ಲಿ ಎಷ್ಟು ಚೆನ್ನಾಗಿ ಮಾರಾಟವಾಗುತ್ತದೆ ಎಂಬುದಕ್ಕೆ ಆ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಈಗ ಮೊದಲಿನ ಎರಡು ಪ್ರತಿಕ್ರಿಯೆಗಳಿಗೆ ಬರೋಣ. ‘ಈ ವಯಸ್ಸಿನಲ್ಲಿ ಯಾಕೆ’ ಎನ್ನುವವರು ಆ ಪ್ರಶ್ನೆಯನ್ನು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ. ಕೇಳಬೇಕಾದ ಜಾಗ ಅಂಗಡಿಯ ಕೌಂಟರು, ಇಂಟರ್‌ವ್ಯೂ ಕೊಠಡಿ, ಮದುವೆ ಮನೆಯ ಸಾಲುಕುರ್ಚಿ. ‘ಅವರ ಮುಖ, ಅವರ ದುಡ್ಡು’ ಎನ್ನುವವರು ದುಡ್ಡು ಅವರದ್ದೇ ಯಾಕಾಗಬೇಕು ಎಂದು ಕೇಳುತ್ತಿಲ್ಲ.

ಕಾವಸ್‌ಜಿಯ ಬಗ್ಗೆ ಆ ಪತ್ರದಲ್ಲಿ ಇನ್ನೊಂದು ವಿವರವಿದೆ. ಅವನು ಈಗ ಈಸ್ಟ್ ಇಂಡಿಯಾ ಕಂಪನಿಯ ಪಿಂಚಣಿದಾರ ಎಂದು ಅಲ್ಲಿ ಬರೆದಿದೆ. ಮೂಗು ಕೊಯ್ದವರು ಬೇರೆಯವರಾದರೂ, ಅದು ತಮ್ಮ ಕೆಲಸದಲ್ಲಿದ್ದಾಗ ಹೋದ ಮೂಗು ಎಂದು ಲಾಭಕೋರ ಕಂಪನಿಯೊಂದು ಅಷ್ಟನ್ನಾದರೂ ಒಪ್ಪಿಕೊಂಡಿತ್ತು. ಈ ವರ್ಷ ಚಿಕ್ಕಮ್ಮ ಮಗನ ಫೀಸು ಕಟ್ಟಿ, ಮುಂದಿನ ಇಂಜೆಕ್ಷನ್ನಿಗೆ ಅಂಗಡಿಯ ಚೀಟಿಯಲ್ಲಿ ದುಡ್ಡು ಹಾಕುತ್ತಿದ್ದಾರೆ. ಕೌಂಟರಿನಲ್ಲಿ ನಿಲ್ಲುವುದು ಅವರ ಕೆಲಸ, ಅದಕ್ಕೆ ಬೇಕಾದ ಮುಖದ ಖರ್ಚು ಮಾತ್ರ ಅವರದ್ದೇ.